ಐವತ್ತು ನಿಮಿಷದ ಕಟಿಂಗ್

ರಸ್ತೆ ಅಗಲ ಮಾಡುವವರು ನಮ್ಮ ಕಟಿಂಗ್ ಅಂಗಡಿಯೊಳಗೆ ಬಂದು ನೆಲದ ಮೇಲೆ ಒಂದು ಹಳದಿ ಗೆರೆ ಎಳೆದು ಹೋದರು. ಗೆರೆ ಸರಿಯಾಗಿ ನನ್ನ ಕುರ್ಚಿಯ ಕೆಳಗೆ ಹಾದಿತ್ತು. ಗೆರೆಯಿಂದ ಬಾಗಿಲ ಕಡೆಗಿದ್ದದ್ದೆಲ್ಲ ರಸ್ತೆಗೆ, ಒಳಗಿದ್ದದ್ದು ನಮಗೆ. ಒಳಗೆ ಉಳಿಯುವ ಜಾಗದಲ್ಲಿ ಒಂದು ಕನ್ನಡಿ, ಒಂದು ಬೇಸಿನ್, ಒಂದು ಕುರ್ಚಿ ಹಿಡಿಯುತ್ತದೆ. ನಾವು ಅಣ್ಣತಮ್ಮಂದಿರು ಇಬ್ಬರು.

ಅಂಗಡಿ ಅಪ್ಪನದು. ಅವರು ಕತ್ತರಿ ಕೆಳಗಿಟ್ಟು ಹತ್ತು ವರ್ಷವಾಗಿದೆ. ಮಂಡಿ ನೋವು ಎಂದು ಎಲ್ಲರಿಗೂ ಹೇಳಿದ್ದಾರೆ. ಕತ್ತರಿ ಬಿಟ್ಟರೂ ತೀರ್ಪು ಕೊಡುವುದನ್ನು ಬಿಟ್ಟಿಲ್ಲ. ಅವತ್ತು ಊಟಕ್ಕೆ ಕುಳಿತಾಗ ತಟ್ಟೆಯಿಂದ ಮುಖ ಎತ್ತದೆ ಹೇಳಿದರು: "ಎರಡು ತಿಂಗಳಿಗೆ ಗೋಡೆ ಒಡೀತಾರಂತೆ. ಅಲ್ಲೀವರೆಗೆ ನಾನು ಆಗಾಗ ಬಂದು ನೋಡ್ತೀನಿ. ಹೇಳಿ ಕೇಳಿ ಬರಲ್ಲ. ಯಾರ ಕುರ್ಚಿ ಖಾಲಿ ಬಿದ್ದಿರುತ್ತೋ ಅವನು ಬೇರೆ ದಾರಿ ನೋಡ್ಕೊಳ್ಲಿ. ನನಗೆ ಇಬ್ಬರೂ ಒಂದೇ."

ಬೇರೆ ದಾರಿ ಯಾವುದೆಂದು ನಮಗೆ ಗೊತ್ತಿತ್ತು. ಬಸ್ ನಿಲ್ದಾಣದ ಹಿಂದಿನ ಮಾಲ್‌ನಲ್ಲಿ ಹೊಸ ಸಲೂನ್ ಬಂದಿದೆ. ಅತ್ತಿಗೆಯ ತಮ್ಮ ಅಲ್ಲಿ ಮ್ಯಾನೇಜರ್. ಒಂದು ಜಾಗ ಖಾಲಿ ಇದೆ ಎಂದಿದ್ದ. ಅಲ್ಲಿ ಒಂದೊಂದು ಕುರ್ಚಿಯ ಮೇಲೂ ಒಂದೊಂದು ಟೈಮರ್. ಕಟಿಂಗಿಗೆ ಹನ್ನೆರಡು ನಿಮಿಷ. ಕೆಂಪು ಅಂಕಿ ಸೊನ್ನೆಗೆ ಬಂದರೆ ಅದು ಕುಂಯ್ ಎಂದು ಕೂಗುತ್ತದೆ.

"ನಿಮ್ಮಣ್ಣ ಅಲ್ಲಿಗೆ ಹೋದ್ರೆ ಮೊದಲನೇ ದಿನ ಮಧ್ಯಾಹ್ನದ ಊಟಕ್ಕೇ ಮನೆಗೆ ವಾಪಸ್," ಎಂದರು ಅತ್ತಿಗೆ. ಅಣ್ಣ ನೀರು ಕುಡಿದ.

ಒಂದು ತಲೆ ಮುಗಿಸಲು ಅಣ್ಣನಿಗೆ ಐವತ್ತು ನಿಮಿಷ ಬೇಕು. ನನಗೆ ಒಂಬತ್ತು. ಗಿರಾಕಿಗಳು ನನ್ನನ್ನು ಮೆಷಿನ್ ಎನ್ನುತ್ತಾರೆ, ಅಣ್ಣನನ್ನು ಧಾರಾವಾಹಿ. ಅವನ ಕುರ್ಚಿಗೆ ಸಿಕ್ಕಿಬೀಳುತ್ತಿದ್ದವರು ಊರಿಗೆ ಹೊಸಬರು, ಇಲ್ಲವೇ ಮನೆಗೆ ಹೋಗಲು ಇಷ್ಟವಿಲ್ಲದವರು. ಹಾಗಾಗಿ ಅಪ್ಪನ ಮಾತು ಕೇಳಿ ನಾನು ನೆಮ್ಮದಿಯಾಗಿ ಇನ್ನೊಂದು ಸಲ ಅನ್ನ ಹಾಕಿಸಿಕೊಂಡೆ.

ಅವನು ಯಾಕೆ ನಿಧಾನ ಎಂಬುದು ನನಗೆ ಮತ್ತು ಅತ್ತಿಗೆಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವನಿಗೆ ಕಣ್ಣು ಕಾಣುವುದಿಲ್ಲ. ಪೂರ್ತಿ ಕುರುಡಲ್ಲ. ಮೂಗಿನಿಂದ ಒಂದು ಗೇಣಿನವರೆಗೆ ಚೆನ್ನಾಗಿ ಕಾಣುತ್ತದೆ, ಅದರಾಚೆ ಎಲ್ಲ ಹೊಗೆ. ಚಿಕ್ಕಂದಿನಿಂದ ಅವನಿಗೆ ಬಸ್ಸಿನ ಬೋರ್ಡು ಓದಿ ಹೇಳುತ್ತಿದ್ದವನು ನಾನೇ. ಹಾಗಾದರೆ ಕನ್ನಡಕ ಹಾಕಬಾರದೇ ಎಂದು ನೀವು ಕೇಳಬಹುದು. ಹಾಕುವಂತಿಲ್ಲ. ನಮ್ಮ ಕಸುಬಿನ ಬಗ್ಗೆ ಅಪ್ಪನದೊಂದು ಶಾಸನವಿದೆ: "ಕನ್ನಡಕ ಹಾಕ್ಕೊಂಡು ಬ್ಲೇಡ್ ಹಿಡಿದೋನಿಗೆ ಕತ್ತು ಕೊಡೋ ಧೈರ್ಯ ಯಾರಿಗಿದೆ?" ಅದಕ್ಕೇ ಅಣ್ಣ ಮೊದಲು ಬೆರಳಲ್ಲಿ ಕೂದಲು ಹುಡುಕುತ್ತಾನೆ. ಸಿಕ್ಕಿದ್ದನ್ನು ಬಾಚಣಿಗೆಯಲ್ಲಿ ಎತ್ತುತ್ತಾನೆ. ಆಮೇಲೆ ಮೂಗು ತಾಗುವಷ್ಟು ಬಗ್ಗಿ, ಅಲ್ಲಿ ಕಿವಿ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕತ್ತರಿಸುತ್ತಾನೆ.

ಹಳದಿ ಗೆರೆ ಬಿದ್ದ ಮುಂದಿನ ವಾರ ನಿಧಾನ ಬಳಗದವರು ಬಂದರು.

ಬಳಗ ಶುರು ಮಾಡಿದವನು ಒಬ್ಬ ಆರ್ಕಿಟೆಕ್ಟ್. ವರ್ಷದ ಹಿಂದೆ ಆಫೀಸಿನ ಲಿಫ್ಟಿನಲ್ಲಿ ತಲೆಸುತ್ತಿ ಬಿದ್ದು, ಎದ್ದವನೇ ಕೆಲಸ ಬಿಟ್ಟಿದ್ದನಂತೆ. ಮೊದಲು ಆರು ಜನ ಸೇರಿ ಪಾರ್ಕಿನಲ್ಲಿ ಮೆಲ್ಲಗೆ ನಡೆಯುತ್ತಿದ್ದರು. ನೋಡನೋಡುತ್ತ ಬಡಾವಣೆಗೊಂದು ಶಾಖೆಯಾಯಿತು. ವಾಚು ಕಟ್ಟಬಾರದು, ಫೋನನ್ನು ಸ್ಟೀಲಿನ ಡಬ್ಬಿಯಲ್ಲಿಟ್ಟು ಮುಚ್ಚಬೇಕು, ಒಂದು ತುತ್ತನ್ನು ಮೂವತ್ತು ಸಲ ಅಗಿಯಬೇಕು. ಊರಿನಲ್ಲಿ ಯಾರಿಗೆ ಅನುಕೂಲವಾಯಿತೋ ಬಿಟ್ಟಿತೋ, ಸೋಮಾರಿಗಳಿಗಂತೂ ಕಾಲ ಬಂತು. ಕೊಟ್ಟ ಬಟ್ಟೆಯನ್ನು ಎರಡು ವಾರವಾದರೂ ಹಿಂದಿರುಗಿಸದೆ ಬೈಸಿಕೊಳ್ಳುತ್ತಿದ್ದ ಲಾಂಡ್ರಿಯವನು 'ನಿಧಾನ ಲಾಂಡ್ರಿ' ಎಂದು ಬೋರ್ಡು ಹಾಕಿಕೊಂಡ. ಮರುದಿನದಿಂದ ಜನ ಅವನಿಗೆ ನಮಸ್ಕಾರ ಮಾಡತೊಡಗಿದರು.

ಆರ್ಕಿಟೆಕ್ಟ್ ನಮ್ಮ ಅಂಗಡಿಗೆ ಬಂದಾಗ ನನ್ನ ಕುರ್ಚಿಯಲ್ಲಿ ಜನವಿತ್ತು. ಅಣ್ಣನ ಕುರ್ಚಿಯಲ್ಲಿ ಕುಳಿತ. ಅಣ್ಣ ಬೆರಳಿಟ್ಟು ಹುಡುಕಿದ, ಬಗ್ಗಿದ, ಕತ್ತರಿಸಿದ, ಮತ್ತೆ ಹುಡುಕಿದ. ಅಷ್ಟರಲ್ಲಿ ನಾನು ಐದು ಜನರನ್ನು ಕಳಿಸಿದ್ದೆ. ಬಿಳಿ ಬಟ್ಟೆ ತೆಗೆದರೂ ಆರ್ಕಿಟೆಕ್ಟ್ ಏಳಲಿಲ್ಲ. ಕಣ್ಣು ಮುಚ್ಚಿಕೊಂಡೇ ಕೂತಿದ್ದ.

"ಇಪ್ಪತ್ತು ವರ್ಷದಲ್ಲಿ ನನ್ನ ಮೇಲೆ ಇಷ್ಟು ಹೊತ್ತು ಗಮನ ಇಟ್ಟವರು ಯಾರೂ ಇಲ್ಲ," ಎಂದ. "ನಿಮ್ಮ ಉಸಿರು ನನ್ನ ಕತ್ತಿಗೆ ತಾಗ್ತಾ ಇತ್ತು."

ಅಣ್ಣ ಗಾಬರಿಯಾದ. "ತಪ್ಪಾಯ್ತು ಸರ್. ಬೆಳಿಗ್ಗೆ ಬೆಳ್ಳುಳ್ಳಿ ತಿಂದಿದ್ದೆ."

"ಅಯ್ಯೋ ಅದಲ್ಲ. ಈ ಪದ್ಧತಿ ಎಲ್ಲಿ ಕಲಿತ್ರಿ?"

"ಪದ್ಧತಿ ಅಂತ ಏನಿಲ್ಲ ಸರ್. ಬೇರೆ ಥರ ಬರಲ್ಲ."

ಆರ್ಕಿಟೆಕ್ಟ್ ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು ಅದನ್ನು ಬರೆದುಕೊಂಡ. ಆ ವಾರವೇ ಬಳಗದವರ ಟೀ ಶರ್ಟುಗಳ ಎದೆಯ ಮೇಲೆ 'ಬೇರೆ ಥರ ಬರಲ್ಲ' ಎಂದು ಅಚ್ಚಾಗಿತ್ತು. ಪಕ್ಕದ ಪ್ರಿಂಟಿಂಗ್ ಅಂಗಡಿಯವನು ನನಗೆ ಹೇಳಿದ: "ಎಂಥಾ ನಿಧಾನವೋ ಏನೋ. ನಾಳೆ ಸಂಜೆ ಒಳಗೆ ನೂರು ಬೇಕು ಅಂತ ನನ್ನ ಪ್ರಾಣ ತಿಂದುಬಿಟ್ರು."

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲೇ ಬೆಂಚಿನ ಮೇಲೆ ನಾಲ್ಕು ಜನ ಕಣ್ಣು ಮುಚ್ಚಿ ಕೂತಿರುತ್ತಿದ್ದರು. "ಸರ್, ಈ ಕುರ್ಚಿ ಖಾಲಿ ಇದೆ, ಬನ್ನಿ," ಎಂದರೆ ನಾನೇನೋ ಅಶ್ಲೀಲ ಮಾತಾಡಿದಂತೆ ಮುಖ ತಿರುಗಿಸುತ್ತಿದ್ದರು. ಅಣ್ಣನ ಬಳಿ ಕಟಿಂಗಿಗೆ ಮೂರು ವಾರ ಮುಂಚೆ ಹೆಸರು ಬರೆಸಬೇಕಾಯಿತು. ಬರೆಸುವ ಹೊತ್ತಿಗೆ ಇದ್ದ ಕೂದಲು ಸರದಿ ಬರುವ ಹೊತ್ತಿಗೆ ಕಿವಿ ಮುಚ್ಚುತ್ತಿತ್ತು. ಅದೂ ಒಂದು ಅನುಭವ ಎನ್ನುತ್ತಿದ್ದರು.

ನನಗೆ ಇದರಿಂದ ಭಯವೇನೂ ಆಗಿರಲಿಲ್ಲ. ನನ್ನ ಗಿರಾಕಿಗಳು ನನಗಿದ್ದರು: ಬ್ಯಾಂಕಿನವರು, ಬಸ್ಸಿನವರು, ಮದುವೆಗೆ ಹೊರಟವರು. ದಿನಕ್ಕೆ ಮೂವತ್ತು ತಲೆಗೆ ಕಡಿಮೆ ಇಲ್ಲ. ಭಯ ಶುರುವಾದದ್ದು ಅಪ್ಪ ಮೊದಲ ಸಲ ಬಂದಾಗ.

ಹನ್ನೊಂದು ಗಂಟೆ. ನಾನು ಆಗಷ್ಟೇ ಒಬ್ಬನನ್ನು ಕಳಿಸಿ ಪೊರಕೆ ಹಿಡಿದಿದ್ದೆ. ಅಪ್ಪ ಕೋಲು ಊರಿಕೊಂಡು ಬಂದು ಬಾಗಿಲಲ್ಲಿ ನಿಂತರು. ಅಣ್ಣನ ಕುರ್ಚಿಯಲ್ಲಿ ಒಬ್ಬ ದಪ್ಪ ವಕೀಲರು ಕೂತಿದ್ದರು. ನನ್ನ ಕುರ್ಚಿಯಲ್ಲಿ ಯಾರೂ ಇರಲಿಲ್ಲ.

"ಖಾಲಿ," ಎಂದರು ಅಪ್ಪ.

"ಅಪ್ಪಾ, ಬೆಳಿಗ್ಗೆಯಿಂದ ಹನ್ನೊಂದು ಜನ ಆದ್ರು. ಇವನು ಇನ್ನೂ ಎರಡನೇ ತಲೆಯಲ್ಲಿದ್ದಾನೆ."

"ನಾನು ತಲೆ ನೋಡಕ್ಕೆ ಬಂದಿಲ್ಲ ಕಣೋ. ಕುರ್ಚಿ ನೋಡಕ್ಕೆ ಬಂದಿದ್ದು."

ಎರಡನೇ ಸಲ ಬಂದಾಗಲೂ ಅದೇ ಕಥೆ. ಒಬ್ಬ ಎದ್ದು ಹೋಗಿದ್ದ, ಇನ್ನೊಬ್ಬ ರಸ್ತೆ ದಾಟುತ್ತಿದ್ದ. ನಡುವಿನ ಎರಡು ನಿಮಿಷದಲ್ಲಿ ಅಪ್ಪ ಬಂದು ನೋಡಿ ಹೋಗಿಯಾಗಿತ್ತು. ಆಗ ನನಗೆ ಹೊಳೆಯಿತು. ಒಂದೇ ಗಿರಾಕಿಯನ್ನು ಐವತ್ತು ನಿಮಿಷ ಕೂರಿಸಿಕೊಳ್ಳುವವನ ಕುರ್ಚಿ ಯಾವತ್ತೂ ಖಾಲಿ ಬೀಳುವುದಿಲ್ಲ. ಒಂಬತ್ತು ನಿಮಿಷಕ್ಕೊಮ್ಮೆ ಗಿರಾಕಿಯನ್ನು ಎಬ್ಬಿಸಿ ಕಳಿಸುವವನದು ದಿನಕ್ಕೆ ಮೂವತ್ತು ಸಲ ಖಾಲಿ ಬೀಳುತ್ತದೆ. ಅಪ್ಪನ ತಕ್ಕಡಿ ಅಂಥದ್ದು. ಅದನ್ನು ಅವರಿಗೆ ತಿಳಿಹೇಳುವುದಕ್ಕಿಂತ ರಸ್ತೆ ಅಗಲ ಮಾಡುವವರಿಗೆ ತಿಳಿಹೇಳುವುದು ಸುಲಭ.

ಸರಿ, ನಾನೂ ನಿಧಾನ ಮಾಡುತ್ತೇನೆ ಎಂದುಕೊಂಡೆ. ಮರುದಿನ ಬ್ಯಾಂಕಿನ ಕ್ಯಾಷಿಯರ್ ಬಂದು ಕೂತರು. ಕತ್ತರಿಯನ್ನು ತಡೆದು ತಡೆದು ಆಡಿಸಿದೆ. ಗಾಳಿಯನ್ನೂ ಸ್ವಲ್ಪ ಕತ್ತರಿಸಿದೆ. ಅರ್ಧ ಬಾಟಲಿ ನೀರು ಚಿಮುಕಿಸಿದೆ. ಇಷ್ಟೆಲ್ಲ ಮಾಡಿ ಗಡಿಯಾರ ನೋಡಿದರೆ ಹತ್ತು ನಿಮಿಷ. ಕೈಗೆ ಬೇರೆ ಅಭ್ಯಾಸವೇ ಇಲ್ಲ. ಕೊನೆಗೆ ಸುಮ್ಮನೆ ಅವರ ತಲೆ ಹಿಡಿದುಕೊಂಡು ನಿಂತೆ.

"ಏನಯ್ಯಾ ಮೆಷಿನ್, ಕೆಟ್ಟೋದ್ಯಾ?"

"ಇಲ್ಲ ಸಾರ್. ತಲೆಯ ಆಕಾರ ನೋಡ್ತಾ ಇದ್ದೆ."

"ಆಕಾರ ನನ್ನ ಹೆಂಡತಿ ನೋಡಿ ಆಗಿದೆ. ಬಟ್ಟೆ ತೆಗಿ, ಕೌಂಟರಿನಲ್ಲಿ ಜನ ಕಾಯ್ತಿದ್ದಾರೆ."

ಅವರು ಹೋದ ಮೇಲೆ ಅಣ್ಣ ಈ ಕಡೆ ತಿರುಗದೆ, "ಕಷ್ಟ ಆಗುತ್ತೆ ಅಲ್ವಾ?" ಎಂದ. ಗೇಲಿ ಮಾಡಿದನೋ ಮರುಕಪಟ್ಟನೋ ಇವತ್ತಿಗೂ ಗೊತ್ತಾಗಿಲ್ಲ.

ಆ ಸಂಜೆ ನಾನು ಅತ್ತಿಗೆಯ ಬಳಿ ಕನ್ನಡಕದ ಮಾತೆತ್ತಿದೆ. "ಎಷ್ಟು ದಿನ ಅಂತ ಹೀಗೆ? ಯಾರದಾದ್ರೂ ಕಿವಿ ಹೋದ್ರೆ? ಈಗ ದೊಡ್ಡ ದೊಡ್ಡವರ ಕಿವಿಗಳು ಬರ್ತಿವೆ."

ಅತ್ತಿಗೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಇಷ್ಟು ವರ್ಷ ಇಲ್ಲದ ಕಾಳಜಿ ಈಗ ಎಲ್ಲಿಂದ ಬಂತಪ್ಪ?"

ಕಾಳಜಿ ಅಲ್ಲ ಎಂಬುದು ನನಗೂ ಗೊತ್ತಿತ್ತು. ಕಣ್ಣು ಕಂಡರೆ ಅಣ್ಣ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತಾನೆ. ಇಪ್ಪತ್ತು ನಿಮಿಷದವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಳಗ ಚದುರುತ್ತದೆ, ಕುರ್ಚಿ ಖಾಲಿ ಬೀಳುತ್ತದೆ. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನಾನು ಅಣ್ಣನಿಗೆ ಕನ್ನಡಕ ಹಾಕಿಸಲು ಹೊರಟದ್ದು ಅವನನ್ನು ಅಂಗಡಿಯಿಂದ ಓಡಿಸಲು.

ಅತ್ತಿಗೆಗೆ ಕಿವಿಯ ಮಾತು ಮಾತ್ರ ತಲೆಯಲ್ಲಿ ಉಳಿದಿತ್ತು. ಭಾನುವಾರ ಅಣ್ಣನನ್ನು ಎಳೆದುಕೊಂಡು ಹೋಗಿ ಕಣ್ಣು ತೋರಿಸಿದರು. "ಅಪ್ಪ ನೋಡಿದ್ರೆ?" ಎಂದು ಅವನು ಹತ್ತು ಸಲ ಕೇಳಿದ. "ಅಪ್ಪನಿಗೆ ನಾನು ಹೇಳ್ತೀನಿ," ಎಂದು ನಾನು ಹತ್ತು ಸಲ ಹೇಳಿದೆ. ಹೇಳುವ ಉದ್ದೇಶವಿರಲಿಲ್ಲ. ಅಪ್ಪ ತಾವೇ ನೋಡಿದರೆ ಇನ್ನೂ ಒಳ್ಳೆಯದು.

ದಪ್ಪ ಗಾಜಿನ ಕನ್ನಡಕ. ಮನೆಯಲ್ಲಿ ಅದು ಜೇಬಿನಲ್ಲೇ ಇರುತ್ತಿತ್ತು. ಅದನ್ನು ಹಾಕಿಕೊಂಡು ಅಂಗಡಿಯೊಳಗೆ ಬಂದ ಅಣ್ಣ ಐದು ನಿಮಿಷ ಬಾಗಿಲಲ್ಲೇ ನಿಂತ. ಗೋಡೆ ನೋಡಿ, "ಈ ಗಡಿಯಾರಕ್ಕೆ ಸೆಕೆಂಡ್ ಮುಳ್ಳು ಇದೆಯಾ?" ಎಂದ. ಕನ್ನಡಿಯ ಹತ್ತಿರ ಹೋಗಿ, "ಇಷ್ಟು ಗಲೀಜಲ್ಲಿ ಮುಖ ನೋಡ್ಕೋತಿದ್ರಾ ಜನ?" ಎಂದು ಅರ್ಧ ಗಂಟೆ ಒರೆಸಿದ. ಆಮೇಲೆ ನನ್ನನ್ನು ನೋಡಿದ. ನೋಡುತ್ತಲೇ ಇದ್ದ.

"ನಿನಗೆ ಯಾವಾಗ ಇಷ್ಟು ವಯಸ್ಸಾಯ್ತೋ?"

"ಕೆಲಸ ನೋಡು," ಎಂದೆ.

ಅವತ್ತು ಮೊದಲ ಸರದಿ ಆರ್ಕಿಟೆಕ್ಟ್‌ನದು. ಕನ್ನಡಕ ನೋಡಿ ಹುಬ್ಬೇರಿಸಿದ, ಆದರೂ ಕುಳಿತು ಕಣ್ಣು ಮುಚ್ಚಿದ. ಅಣ್ಣ ಕತ್ತರಿ ಎತ್ತಿದ. ಬೆರಳಲ್ಲಿ ಹುಡುಕಲಿಲ್ಲ, ಬಗ್ಗಲಿಲ್ಲ. ಕತ್ತರಿ ಸರಸರನೆ ಓಡಿತು. ನಾನು ನನ್ನ ಗಿರಾಕಿಯನ್ನು ಮರೆತು ಗಡಿಯಾರ ನೋಡುತ್ತ ನಿಂತೆ. ಹದಿನಾಲ್ಕು ನಿಮಿಷಕ್ಕೆ ಮುಗಿಯಿತು. ಅಣ್ಣ ಬಿಳಿ ಬಟ್ಟೆ ಬಿಚ್ಚಿದ. ನನಗೆ ಶಿಳ್ಳೆ ಹಾಕಬೇಕೆನಿಸಿತು.

ಆಗ ಅವನು ಒಂದು ಹೆಜ್ಜೆ ಹಿಂದೆ ಸರಿದು, ತಾನು ಕತ್ತರಿಸಿದ ತಲೆಯೊಂದನ್ನು ಜೀವಮಾನದಲ್ಲಿ ಮೊದಲ ಸಲ ದೂರದಿಂದ ನೋಡಿದ. ಅವನ ಮುಖ ಬಾಡಿತು. "ಸರ್, ಒಂದು ನಿಮಿಷ," ಎಂದು ಮತ್ತೆ ಬಟ್ಟೆ ಹೊದಿಸಿದ.

ಎಡಗಡೆ ಒಂದು ಎಳೆ ಉದ್ದವಿತ್ತು. ಅದನ್ನು ಕತ್ತರಿಸಿದರೆ ಬಲಗಡೆಯದು ಉದ್ದ ಕಂಡಿತು. ಕಿವಿಯ ಹಿಂದೆ ಮೂರು ಕೂದಲು ಬೇರೆ ದಿಕ್ಕಿಗೆ ಹೋಗಿದ್ದವು. ಇಷ್ಟು ವರ್ಷ ಕಾಣದಿದ್ದದ್ದೆಲ್ಲ ಈಗ ಒಂದೊಂದಾಗಿ ಅವನ ಕಣ್ಣಿಗೆ ಬಿತ್ತು. ಕಂಡ ಮೇಲೆ ಬಿಡುವ ಜಾತಿಯಲ್ಲ ಅವನು. ಒಂದು ಗಂಟೆಯಾಯಿತು. ಒಂದೂಕಾಲು ಗಂಟೆಯಾಯಿತು. ಕೊನೆಗೆ ಅಂಗಡಿಗೆಲ್ಲ ಕೇಳುವಂತೆ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಹೇಳಿದ:

"ಸರ್, ಬುಡದಲ್ಲಿ ಬಣ್ಣ ಬಿಟ್ಟಿದೆ. ಬೆಳ್ಳಗೆ ಕಾಣ್ತಿದೆ. ಮನೆಯಲ್ಲೇ ಹಾಕ್ಕೋತೀರಾ?"

ಬೆಂಚಿನ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದ ನಾಲ್ವರೂ ಕಣ್ಣು ಬಿಟ್ಟರು. ವಯಸ್ಸು ಬಂದಂತೆ ಬರಲಿ, ಅದನ್ನು ಸ್ವಾಗತಿಸಿ ಎಂದು ಪ್ರತಿ ವಾರ ಪಾರ್ಕಿನಲ್ಲಿ ಭಾಷಣ ಮಾಡುವವನು ಆರ್ಕಿಟೆಕ್ಟ್. ಅವನು ಡಬ್ಬಿಯಿಂದ ಫೋನು ತೆಗೆದುಕೊಂಡು, ಬಳಗದ ಚರಿತ್ರೆಯಲ್ಲೇ ಅತಿ ವೇಗದ ನಡಿಗೆಯಲ್ಲಿ ಹೊರಗೆ ಹೋದ.

ಮರುದಿನ ಬೆಂಚು ಖಾಲಿ. ಅದರ ಮರುದಿನವೂ. ಹೆಸರು ಬರೆಸಿದವರು ಒಬ್ಬರೂ ಬರಲಿಲ್ಲ. ಕನ್ನಡಕ ಹಾಕಿಕೊಂಡು ತಲೆಯೊಳಗಿನದನ್ನೂ ನೋಡಿಬಿಡುತ್ತಾನೆ ಎಂದು ಸುದ್ದಿಯಾಗಿತ್ತು. ಬಳಗದಲ್ಲಿ ಬಣ್ಣ ಹಾಕುವವರು ಒಬ್ಬರೇ ಅಲ್ಲ ಎಂದು ಆಗ ತಿಳಿಯಿತು.

ನನಗೆ ಬೇಕಾದದ್ದು ಆಗಿತ್ತು. ಅಪ್ಪ ಬಂದು ನೋಡಬೇಕು, ಅಷ್ಟೇ. ಆದರೆ ಅಪ್ಪ ಬರಲಿಲ್ಲ. ಮೂರು ದಿನ ಕಾದು ನಾನೇ ಹೇಳಿದೆ: "ಅಪ್ಪಾ, ಇವತ್ತು ಒಂದ್ಸಲ ಅಂಗಡಿ ಕಡೆ ಬನ್ನಿ."

"ಹೇಳಿ ಕೇಳಿ ಬರಲ್ಲ ಅಂದಿದ್ದೀನಿ."

"ಆಟೋದಲ್ಲಿ ಕರ್ಕೊಂಡು ಹೋಗ್ತೀನಿ."

"ನೀನು ಕರ್ಕೊಂಡು ಹೋದ್ರೆ ಅದು ಹೇಳಿ ಕೇಳಿ ಬಂದ ಹಾಗೆ ಆಗಲ್ವೇನೋ?"

ಅಣ್ಣ ಖಾಲಿ ಕುರ್ಚಿಯ ಪಕ್ಕ ನಿಂತು ಕತ್ತರಿಗಳಿಗೆ ಎಣ್ಣೆ ಹಾಕಿದ. ಅವು ಮುಗಿದ ಮೇಲೆ ನನ್ನ ಕತ್ತರಿಗಳಿಗೂ ಹಾಕಿದ. ಐದನೇ ದಿನ ಕೇಳಿದ: "ಮಾಲ್‌ನಲ್ಲಿ ಆ ಟೈಮರ್ ನಿಜವಾಗ್ಲೂ ಕೂಗುತ್ತಾ?"

"ಕೂಗುತ್ತಂತೆ."

"ಜೋರಾಗಾ?"

"ನನಗೇನು ಗೊತ್ತು? ನಾನು ಹೋಗಿಲ್ಲ."

ಅವನು ತಲೆಯಾಡಿಸಿ ಮತ್ತೆ ಎಣ್ಣೆ ಡಬ್ಬಿ ಹಿಡಿದ. ಮನೆಯಲ್ಲಿ ಅತ್ತಿಗೆ ನನ್ನ ಜೊತೆ ಮಾತು ಬಿಟ್ಟಿದ್ದರು. ನನ್ನ ತಟ್ಟೆಗೆ ಬಡಿಸುವಾಗ ಸೌಟು ಮಾತಾಡುತ್ತಿತ್ತು. ನನಗೆ ಪಶ್ಚಾತ್ತಾಪವಾಯಿತು ಎಂದರೆ ಸುಳ್ಳು. ಊಟ ಸರಿಯಾಗಿ ಸೇರುತ್ತಿರಲಿಲ್ಲ ಎಂಬುದು ನಿಜ.

ಒಂಬತ್ತನೇ ದಿನ ಬೆಳಿಗ್ಗೆ ಆರ್ಕಿಟೆಕ್ಟ್ ಬಾಗಿಲಲ್ಲಿ ನಿಂತಿದ್ದ. ನನಗೆ ಮೊದಲು ಗುರುತೇ ಸಿಗಲಿಲ್ಲ. ತಲೆಯ ಒಂದೊಂದು ಕೂದಲೂ ಬಿಳಿ. ಎಲ್ಲಿ, ಹೇಗೆ ಬಣ್ಣ ತೆಗೆಸಿಕೊಂಡನೋ. ಹಿಂದೆ ಹತ್ತು ಜನ, ಅವರಲ್ಲೂ ಆರು ತಲೆ ಹೊಸದಾಗಿ ಬೆಳ್ಳಗಾಗಿದ್ದವು.

"ನಿಮ್ಮ ಮಾತು ನನಗೆ ನಾಟಿತು," ಎಂದು ಅವನು ಅಣ್ಣನಿಗೆ ಕೈ ಮುಗಿದ. "ನಮ್ಮನ್ನು ನಿಜವಾಗಿ ನೋಡಿದವರು ನೀವೊಬ್ಬರೇ."

"ಕನ್ನಡಕ ಸರ್," ಎಂದ ಅಣ್ಣ.

ಆರ್ಕಿಟೆಕ್ಟ್ ಅದನ್ನೂ ಬರೆದುಕೊಂಡ.

ಹತ್ತು ಗಂಟೆಗೆ ಅಪ್ಪ ಬಂದರು. ನಾನು ಆಗಷ್ಟೇ ಒಬ್ಬನನ್ನು ಕಳಿಸಿದ್ದೆ ಎಂದು ಬೇರೆ ಹೇಳಬೇಕಿಲ್ಲ. ಅಪ್ಪ ಎರಡೂ ಕುರ್ಚಿ ನೋಡಿದರು. ಆಮೇಲೆ ಅಣ್ಣನ ತೀರಾ ಹತ್ತಿರ ಹೋಗಿ ಮುಖ ನೋಡಿದರು. ಅಣ್ಣನ ಕೈಯಲ್ಲಿದ್ದ ಬಾಚಣಿಗೆ ಕೆಳಗೆ ಬಿತ್ತು.

"ಅದೇನದು?"

ಅಣ್ಣ ನನ್ನ ಕಡೆ ನೋಡಿದ. ಅಪ್ಪನಿಗೆ ಹೇಳುತ್ತೇನೆಂದು ಹತ್ತು ಸಲ ಹೇಳಿದ್ದವನು ನಾನು. ನಾನು ನೆಲದ ಹಳದಿ ಗೆರೆ ನೋಡಿದೆ.

"ಕನ್ನಡಕ, ಅಪ್ಪ," ಎಂದ ಅಣ್ಣ. "ಇದಿಲ್ಲದೆ ನನಗೆ ಯಾವತ್ತೂ ಏನೂ ಕಾಣ್ತಿರಲಿಲ್ಲ."

ಅಪ್ಪ ಕೈ ಚಾಚಿದರು. "ಕೊಡು ಇಲ್ಲಿ." ಕಸಿದು ಕಾಲಲ್ಲಿ ಮೆಟ್ಟುತ್ತಾರೆ ಎಂದುಕೊಂಡೆ. ಅಪ್ಪ ಅದನ್ನು ತಮ್ಮ ಮೂಗಿನ ಮೇಲೆ ಇಟ್ಟುಕೊಂಡರು. ಕನ್ನಡಿಯ ಹತ್ತಿರ ಹೋದರು, ಹಿಂದೆ ಬಂದರು. ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕನ್ನಡಿ ನೋಡಿದರು. ಕತ್ತರಿ ಕೆಳಗಿಟ್ಟದ್ದು ಮಂಡಿ ನೋವಿಗಲ್ಲ ಎಂದು ನನಗೆ ಆಗ ಅರ್ಥವಾಯಿತು. ಈ ಕಣ್ಣು ವಂಶದ್ದು. ಅದು ಹೇಗೋ ನನ್ನೊಬ್ಬನನ್ನು ಬಿಟ್ಟಿತ್ತು.

ಅಪ್ಪ ಮೇಜಿನಿಂದ ಕೈಗನ್ನಡಿ ಎತ್ತಿ ತಮ್ಮ ಹಿಂದಲೆಗೆ ಹಿಡಿದು, ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿದರು.

"ಇದು ಯಾರು ಕತ್ತರಿಸಿದ್ದು?"

"ನಾನೇ ಅಪ್ಪ. ಹೋದ ತಿಂಗಳು."

"ಎಷ್ಟು ಹೊತ್ತಲ್ಲಿ?"

"ಒಂಬತ್ತು ನಿಮಿಷ."

"ಹ್ಞೂಂ," ಎಂದರು ಅಪ್ಪ. "ಗೊತ್ತಾಗುತ್ತೆ."

ಅಷ್ಟೇ. ಕನ್ನಡಕ ತೆಗೆದು ಅಣ್ಣನಿಗೆ ಕೊಟ್ಟರು. ಆರ್ಕಿಟೆಕ್ಟ್ ಎದ್ದ ಮೇಲೆ, ಸರದಿಯಲ್ಲಿದ್ದ ಹತ್ತು ಜನರನ್ನು ಕೋಲಿನಿಂದ ಸರಿಸಿ ಅಣ್ಣನ ಕುರ್ಚಿಯಲ್ಲಿ ಕುಳಿತರು. ಎದ್ದದ್ದು ಎರಡು ಗಂಟೆ ಹತ್ತು ನಿಮಿಷದ ಮೇಲೆ. ಮಂಡಿ ನೋವಿನ ಮಾತೇ ಬರಲಿಲ್ಲ.

ನಾನೀಗ ಮಾಲ್‌ನಲ್ಲಿದ್ದೇನೆ. ಕಪ್ಪು ಯೂನಿಫಾರ್ಮು, ಎದೆಗೊಂದು ನಂಬರು. ಮೊದಲನೇ ದಿನ ಒಂಬತ್ತು ನಿಮಿಷಕ್ಕೆ ಮುಗಿಸಿ ಬಟ್ಟೆ ಬಿಚ್ಚಿದಾಗ ಅತ್ತಿಗೆಯ ತಮ್ಮ ಓಡಿ ಬಂದ.

"ಏನ್ ಭಾವ ಇದು? ಟೈಮರ್ ಕೂಗೋ ತನಕ ಎಬ್ಬಿಸೋ ಹಾಗಿಲ್ಲ. ಹನ್ನೆರಡು ಅಂತ ಬರೆದಿದ್ದೀವಿ, ಹನ್ನೆರಡು ಕೊಡಬೇಕು."

"ಮುಗೀತಲ್ಲ. ಉಳಿದ ಮೂರು ನಿಮಿಷ ಏನು ಮಾಡಲಿ?"

"ಏನಾದ್ರೂ ಮಾಡು. ನಿಂತ್ಕೊಬೇಡ ಅಷ್ಟೇ."

ದಿನಕ್ಕೆ ಮೂವತ್ತು ತಲೆ, ತಲೆಗೆ ಮೂರು ನಿಮಿಷ. ಬೇರೇನೂ ತೋಚದೆ ಈಗ ನಾನು ಒಂದು ಹೆಜ್ಜೆ ಹಿಂದೆ ಸರಿದು ನೋಡುತ್ತೇನೆ. ಆಮೇಲೆ ಕಿವಿಯ ಹಿಂದೆ ಬೆರಳಿಟ್ಟು ಹುಡುಕುತ್ತೇನೆ. ಸಿಕ್ಕ ಎಳೆಯನ್ನು ಬಾಚಣಿಗೆಯಲ್ಲಿ ಎತ್ತಿ, ಮೂಗು ತಾಗುವಷ್ಟು ಬಗ್ಗಿ ಕತ್ತರಿಸುತ್ತೇನೆ. ಬೆಳ್ಳುಳ್ಳಿ ಬಿಟ್ಟಿದ್ದೇನೆ.

ಮೊನ್ನೆ ಒಬ್ಬ ಗಿರಾಕಿ ಟೈಮರ್ ಕೂಗಿದರೂ ಏಳಲಿಲ್ಲ. ಕಣ್ಣು ಮುಚ್ಚಿಕೊಂಡೇ ಕೇಳಿದ: "ಇದನ್ನ ಎಲ್ಲಿ ಕಲಿತ್ರಿ?"

"ನಮ್ಮಣ್ಣನಿಗೆ ಕಣ್ಣು ಕಾಣ್ತಿರಲಿಲ್ಲ ಸರ್," ಎಂದೆ.